ಯಾಕಕ್ಕ ಟ್ಯಾಂಕಿಗಿಳಿಸಿದ ಮೂಟೆ

ಮಾತಿಗೊಮ್ಮೆ ‘ಯಾಕೆ’ ಎನ್ನುತ್ತಿದ್ದ ಅವಳಿಗೆ ಕೆಲಸಗಾರರು ಯಾಕಕ್ಕ ಎಂದೇ ಹೆಸರಿಟ್ಟಿದ್ದರು. ಕಾರ್ಖಾನೆಗಳಲ್ಲಿ ಕೆಲಸದ ಕ್ರಮಗಳನ್ನು ರೂಪಿಸುವ ತಂಡಗಳಿಗೆ ಹೊಸ ಪದ್ಧತಿ ಕಲಿಸುವುದು ಅವಳ ವೃತ್ತಿ. ಎಲ್ಲಾದರೂ ಹೆಣ ಬಿದ್ದ ಮೇಲೆಯೇ ಅವಳಿಗೆ ಕರೆ ಬರುತ್ತಿತ್ತು. “ನೀನು ಬ್ಯಾಗು ತುಂಬೋದು ನೋಡಿದ್ರೇ ನನ್ನೆದೆ ಝಲ್ ಅನ್ನುತ್ತೆ ಕಣೇ” ಎನ್ನುತ್ತಿದ್ದಳು ಅತ್ತೆ.

ಬಣ್ಣದ ಕಾರ್ಖಾನೆಗೂ ಹಾಗೆಯೇ ಹೋದಳು. ಬಣ್ಣ ಕಲಸುವ ಟ್ಯಾಂಕಿನ ತಳ ತೊಳೆಯಲು ಇಳಿದವನೊಬ್ಬ ವಿಷಗಾಳಿ ಕುಡಿದು ಸತ್ತಿದ್ದ. ಮೇಲೆ ಹಗ್ಗ ಹಿಡಿದು ನಿಂತಿದ್ದವನು ಅವನ ಒಡಹುಟ್ಟಿದ ಅಣ್ಣ, ಟ್ಯಾಂಕಿದ್ದ ಶೆಡ್ಡಿನ ಮೇಸ್ತ್ರಿ. ಮೇಸ್ತ್ರಿ ಮೈಯ ಬಲವನ್ನೆಲ್ಲ ಹಾಕಿ ಎಳೆದಿದ್ದ. ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿ ತಮ್ಮನ ಮೈ ಎರಡಾಗಿ ಮಡಚಿ, ಟ್ಯಾಂಕಿನ ಕಿರಿದಾದ ಬಾಯಿಗೆ ಸಿಕ್ಕಿಕೊಂಡಿತ್ತು.

ಆ ಕೆಲಸದ ನಿಯಮ ಬರೆದದ್ದು ಆಫೀಸಿನ ನಾಲ್ವರು. ಅವರ ಹಿರಿಯರಿಗೆ ಬಾಣದ ಸಾಹೇಬರೆಂದು ಅಡ್ಡಹೆಸರು. ಅವರ ನಕ್ಷೆಗಳ ತುಂಬ ಬಾಣದ ಗುರುತುಗಳೇ.

“ನಿಯಮ ಸರಿಯಾಗೇ ಇದೆ ಕಣಮ್ಮ. ಹೊರಗೊಬ್ಬ ಹಗ್ಗ ಹಿಡಿದು ನಿಲ್ಲಬೇಕು ಅಂತ ಬರೆದಿದ್ದೀನಿ. ನಿಂತಿದ್ನಲ್ಲ” ಎಂದರು ಸಾಹೇಬರು.

“ಯಾಕೆ ನಿಲ್ಲಬೇಕಿತ್ತು ಸಾರ್?”

“ಎಳೆಯೋಕೆ!”

“ನೀವು ಯಾವತ್ತಾದ್ರೂ ಎಳೆದು ನೋಡಿದ್ದೀರಾ?”

ಸಾಹೇಬರು ಕನ್ನಡಕ ಒರೆಸತೊಡಗಿದರು.

ಮರುದಿನ ಯಾಕಕ್ಕ ನಾಲ್ವರ ಕುರ್ಚಿಗಳನ್ನೂ ಶೆಡ್ಡಿಗೆ ಸಾಗಿಸಿದಳು. ಅವಳ ಪದ್ಧತಿ ಇಷ್ಟೇ: ಕೆಲಸ ಎಲ್ಲಿ ಕೈಕೊಡುತ್ತದೋ ಅಲ್ಲಿಂದ ಯೋಚನೆ ಶುರುವಾಗಬೇಕು; ಮಾಡುವವರ ಜೊತೆ, ಮಾಡುವ ಜಾಗದಲ್ಲೇ ಪರೀಕ್ಷಿಸಿದ ಮೇಲೆ ಬರೆಯಬೇಕು. ಮೊದಮೊದಲು ನಾಲ್ವರೂ ಮೂಗಿಗೆ ಕರವಸ್ತ್ರ ಹಿಡಿದು ಮುಖ ಗಂಟಿಕ್ಕಿಕೊಂಡೇ ಕೂತರು. ಮೇಸ್ತ್ರಿಯಿಲ್ಲದೆ ಇದು ಅರೆಬರೆ ಆದೀತೆಂದು ಯಾಕಕ್ಕ ಅವನನ್ನೂ ಕರೆದಳು. “ಬರ್ತೀನಕ್ಕ” ಎಂದ ಅವನು.

ಟ್ಯಾಂಕನ್ನು ತೊಳೆದು, ಗಾಳಿ ಹಾಯಿಸಿ, ಆಳುತೂಕದ ಮರಳುಮೂಟೆಯೊಂದನ್ನು ಇಳಿಸಿದರು. ಹಳೆಯ ನಿಯಮದಂತೆ ನಡುವಿಗೆ ಹಗ್ಗ. ಬಾಣದ ಸಾಹೇಬರೇ ಎಳೆದರು. ಮೂಟೆ ಬಾಯಿಯ ತನಕ ಬಂದು ಅಡ್ಡ ಬಿತ್ತು. ಅಂಗೈ ಸುಲಿದುಹೋದರೂ ಅದು ಜಗ್ಗಲಿಲ್ಲ. ಅವರು ನೆಲಕ್ಕೆ ಕುಸಿದು ಏದುಸಿರು ಬಿಡುತ್ತ, “ನಾನು ಬರೆದದ್ದು ಆಗದ ಕೆಲಸ” ಎಂದರು.

ಆಮೇಲೆ ತಂಡಕ್ಕೆ ಯಾಕಕ್ಕನ ಒತ್ತಾಯ ಬೇಕಾಗಲಿಲ್ಲ. ಹೆಗಲಿಗೆ ಪಟ್ಟಿ ಹಾಕಿದರೆ ಮೈ ನೆಟ್ಟಗಿರುತ್ತದೆ ಎಂದರು ಕೆಲಸಗಾರರು. ಬಾಯಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್, ಅದಕ್ಕೊಂದು ರಾಟೆ ಮತ್ತು ಅದನ್ನು ತಿರುಗಿಸುವ ಹಿಡಿ ಇರಲೆಂದರು ಸಾಹೇಬರು. ಕಾರ್ಖಾನೆಯ ವೆಲ್ಡರ್ ಅದನ್ನು ಮಾಡಿಕೊಟ್ಟ.

ಎರಡನೇ ಪರೀಕ್ಷೆಯ ದಿನ ಮೇಸ್ತ್ರಿ ತಾನಾಗಿ ಮುಂದೆ ಬಂದು ಹಿಡಿ ತಿರುಗಿಸಿದ. ಮೂಟೆ ಬಾವಿಯಿಂದ ಕೊಡ ಬಂದಷ್ಟು ಸಲೀಸಾಗಿ ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇಷ್ಟೇನಾ?” ಎಂದ ಮೇಸ್ತ್ರಿ.

ಚಪ್ಪಾಳೆ ನಿಂತಿತು.

“ಇಷ್ಟೇ ಇತ್ತಾ ಅಕ್ಕಾ?”

ಮೇಸ್ತ್ರಿ ಕೈಗವಸು ಕಳಚಿ ಸ್ಟ್ಯಾಂಡಿಗೆ ನೇತುಹಾಕಿ ಹೊರಗೆ ನಡೆದ. ಮತ್ತೆಂದೂ ಆ ಶೆಡ್ಡಿಗೆ ಕಾಲಿಡಲಿಲ್ಲ. ಗೇಟಿನ ಕಾವಲು ಕೆಲಸ ಕೇಳಿ ಪಡೆದ.

ತಂಡ ಮಾತ್ರ ಹೊಸ ದಾರಿ ಬಿಡಲಿಲ್ಲ. ಬಾಣದ ಸಾಹೇಬರು ಬಾಯ್ಲರ್ ಮನೆಗೆ, ಗೋದಾಮಿಗೆ, ತಾವೇ ಮೊದಲು ಹೋಗಿ ನಿಲ್ಲತೊಡಗಿದರು. ಟ್ಯಾಂಕಿನಲ್ಲಿ ಆಮೇಲೆ ಯಾರೂ ಸಾಯಲಿಲ್ಲ.

ಊರು ಬಿಡುವ ಮುಂಚೆ ಯಾಕಕ್ಕ ಮೇಸ್ತ್ರಿಯ ಮನೆಗೆ ಹೋದಳು. ಬಾಗಿಲಲ್ಲಿ ಅವನ ತಾಯಿ.

“ಅದೇನೋ ಯಂತ್ರ ಮಾಡಿದ್ದೀರಂತೆ. ಮೊದಲೇ ಇದ್ದಿದ್ರೆ ನನ್ನ ಚಿಕ್ಕಮಗ ಉಳೀತಿದ್ನಾ?”

ಸುಳ್ಳು ಹೇಳಬಹುದಿತ್ತು. “ಉಳೀತಿದ್ದ ಅಮ್ಮ” ಎಂದಳು.

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಎಲ್ರೂ ಹಣೆಬರಹ ಅಂದ್ರು. ನಾನೂ ಹಾಗೇ ಅಂದ್ಕೊಂಡು ಎರಡು ತುತ್ತು ತಿಂತಿದ್ದೆ. ಅದನ್ನೂ ಕಿತ್ಕೊಂಡ್ಯಲ್ಲ ತಾಯಿ.”

ಒಳಗೆ ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಯಾಕಕ್ಕ ಕರೆದಳು, ಅವನು ತಿರುಗಲಿಲ್ಲ.

ಅವಳು ಆ ವೃತ್ತಿ ಬಿಡಲಿಲ್ಲ. ಆದರೆ ಅಂಥ ಪರೀಕ್ಷೆಗೆ ಸತ್ತವರ ಕಡೆಯವರನ್ನು ಮತ್ತೆಂದೂ ಕರೆಯಲಿಲ್ಲ.