ಮಾವನಿಗೆ ಕೊಟ್ಟ ಒಂಟೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸೊಕ್ಕೆಯಿಂದ ನ್ಯಾಮತಿಗೆ ಸೊಸೆಯಾಗಿ ಬಂದೆ. ಅಣ್ಣನ ಜೊತೆ ಆಡಿ ಕಲಿತ ಚದುರಂಗವೂ ನನ್ನೊಂದಿಗೆ ಬಂತು. ಮಾವನವರಿಗೆ ಬಜಾರಿನಲ್ಲಿ ಜವಳಿ ಅಂಗಡಿ. ಸೋಮವಾರ ರಜೆ. ಅವತ್ತು ಮಧ್ಯಾಹ್ನ ಪಡಸಾಲೆಯಲ್ಲಿ ಚದುರಂಗದ ಬಟ್ಟೆ ಹಾಸುತ್ತಿದ್ದರು. ಎದುರಾಳಿ ಆ ಬಟ್ಟೆ ಹೊಲಿದುಕೊಟ್ಟ ಟೈಲರ್ ಸಾಬರು. ಅವರು ಬಾರದ ದಿನ ನಾನು.

ಸಾಬರ ಜೊತೆ ಮಾವ ಹಲ್ಲು ಕಚ್ಚಿ ಆಡುತ್ತಿದ್ದರು. ನನ್ನ ಜೊತೆ ಮಾತ್ರ ಮಗುವಿಗೆ ಉಣಿಸುವವರ ಹಾಗೆ. ನಾನು ತಪ್ಪಿದರೆ ನಡೆ ಹಿಂದಕ್ಕೆ ಕೊಡುವುದು, ಗೆಲ್ಲುವ ಆಟವನ್ನು ಬೇಕೆಂದೇ ಕೈಬಿಡುವುದು, ಆಮೇಲೆ ಅಂಗಡಿಗೆ ಬಂದವರ ಮುಂದೆ ಸೊಸೆ ತಮ್ಮನ್ನೇ ಸೋಲಿಸಿದಳೆಂದು ನಗುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲವಾದರೂ ಅವರು ನನ್ನನ್ನು ಸೋಲಿಸಲೇಬೇಕೆಂದು ಆಡಬೇಕು ಎಂಬುದೇ ನನ್ನ ಆಸೆಯಾಗಿತ್ತು.

ನಮ್ಮ ಕಡೆಯ ಆಟದಲ್ಲಿ ರಾಜ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದು. ಆದರೆ ಅದಕ್ಕೂ ಮುಂಚೆ ಅವನಿಗೆ ಶಹ, ಅಂದರೆ ಚೆಕ್, ಬಿದ್ದಿದ್ದರೆ ಆ ಹಕ್ಕು ಹೋಯಿತು. ಒಂದು ಸೋಮವಾರ ಶುರುವಿನಲ್ಲೇ ನಾನು ಒಂಟೆಯಿಂದ ಅವರ ರಾಜನ ಪಕ್ಕದ ಕಾಲಾಳನ್ನು ಹೊಡೆದು ಶಹ ಕೊಟ್ಟೆ. ಒಂಟೆಗೆ ಕಾವಲಿರಲಿಲ್ಲ.

"ಒಂಟೆ ಸುಮ್ನೆ ಹೋಗ್ತೈತೆ ತಾಯಿ, ಹಿಂದಕ್ಕೆ ತಗೋ," ಎಂದರು ಮಾವ.

"ಹೋಗ್ಲಿ ಬಿಡ್ರಿ."

ರಾಜನಿಂದಲೇ ಅದನ್ನು ಹೊಡೆದರು. ನಾಲ್ಕು ನಡೆಯಲ್ಲಿ ಒಂದು ಕುದುರೆಯನ್ನೂ ಕೊಟ್ಟೆ. ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ, "ಇವತ್ತು ಯಾಕೋ ಧಾರಾಳ ಆಗ್ಯಾಳೆ," ಎಂದರು.

ನನ್ನ ಮಂತ್ರಿಯೂ ಆನೆಯೂ ಸುತ್ತುಗಟ್ಟಿದಾಗ ಮಾವ ರಾಜನನ್ನು ಎತ್ತಿ ಹಾರಿಸಲು ಹೋಗಿ ಕೈ ತಡೆದರು. "ಆಗ್ಲೇ ಶಹ ಬಿದ್ದೈತಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಒಂಟೆ ಯಾಕೆ ಹೋಯಿತೆಂದು ಅವರಿಗೆ ಈಗ ಹೊಳೆಯಿತು. ಒರಗಿ ಕೂತಿದ್ದವರು ಕಾಲು ಮಡಚಿ ಮುಂದಕ್ಕೆ ಸರಿದರು. ನನಗೆ ಒಳಗೊಳಗೇ ಖುಷಿ.

ಅಲ್ಲಿಂದ ಆಟ ಬಿಗಿಯಿತು. ಎರಡು ಕಾಯಿ ಕಡಿಮೆಯಿದ್ದ ನಾನು ಒಂದು ಕಡೆ ಒತ್ತಿದರೆ ಅವರು ಇನ್ನೊಂದು ಕಡೆ ನುಗ್ಗುತ್ತಿದ್ದರು. ಅತ್ತೆ ತಂದಿಟ್ಟ ಚಹಾ ಇಬ್ಬರದೂ ಆರಿಹೋಯಿತು. ಕೊನೆಗೆ ಮಾವ ಆತುರಪಟ್ಟು ಮಂತ್ರಿಯನ್ನು ನನ್ನ ಆನೆಯ ದಾರಿಯಲ್ಲೇ ಇಟ್ಟು ಕೈ ತೆಗೆದರು. ತೆಗೆದ ಮೇಲೆ ಕಂಡಿತು.

"ಇದೊಂದು ಹಿಂದಕ್ಕೆ ತಗೊಳ್ಳಲೇನಮ್ಮ?"

ಅಷ್ಟು ದಿನ ಕೊಡುತ್ತಿದ್ದವರು ಈಗ ಕೇಳುತ್ತಿದ್ದರು. ಮುಖದಲ್ಲಿ ತಮಾಷೆ ಇರಲಿಲ್ಲ, ನಿಜವಾಗಿ ಬೇಕಿತ್ತು. ಒಳ್ಳೆಯ ಸೊಸೆಯಾಗಿದ್ದರೆ ತಕ್ಷಣ ಹೂಂ ಅನ್ನಬೇಕಿತ್ತು.

"ಬ್ಯಾಡ್ರಿ ಮಾವ," ಎಂದೆ.

ಅತ್ತೆಯ ಕೈ ನಿಂತಿತು. "ಹಿರೇರಿಗೆ ಹಿಂಗಾ ಮಾತಾಡೋದು?"

"ನೀ ಸುಮ್ನಿರು," ಎಂದರು ಮಾವ. "ಅವಳು ಹೇಳಿದ್ದು ಸರಿ ಐತೆ."

ಮಂತ್ರಿ ಹೋದ ಮೇಲೂ ಅವರು ಸುಲಭಕ್ಕೆ ಬಗ್ಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಗೆದ್ದೆ. ಮಾವ ಬಟ್ಟೆ ಮಡಚಿಟ್ಟು ಕೈಕಾಲು ತೊಳೆಯಲು ಹೋದರು. ಅಂಗಡಿಯಲ್ಲಿ ಈ ಗೆಲುವಿನ ಸುದ್ದಿಯನ್ನು ಅವರು ಯಾರಿಗೂ ಹೇಳಲಿಲ್ಲವೆಂದು ನನ್ನ ಗಂಡ ಆಮೇಲೆ ತಿಳಿಸಿದರು.

ಮುಂದಿನ ಸೋಮವಾರ ಸಾಬರು ಬಂದಿದ್ದರೂ ಮಾವ ಮೊದಲು ನನ್ನನ್ನೇ ಕರೆದರು. ಅರ್ಧ ಗಂಟೆಯೊಳಗೆ ನನ್ನನ್ನು ಚಿಂದಿ ಮಾಡಿದರು, ಒಂದಿಷ್ಟೂ ಕನಿಕರ ತೋರಲಿಲ್ಲ. ಅಡುಗೆಮನೆಗೆ ಹೋಗಿ ಒಬ್ಬಳೇ ನಿಂತು ನಕ್ಕೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟದ್ದು ಆ ಸೋಲು.