ಹಿರಿಯ ಅಳಿಯನ ನಲ್ಲಿಮೂಳೆ

ಹೊಸತೊಡಕಿನ ದಿನ ಮಾವನ ಮನೆಯ ಮಟನ್ ಸಾರಿನಲ್ಲಿ ನಲ್ಲಿಮೂಳೆ ಯಾರ ತಟ್ಟೆಗೆ ಬೀಳಬೇಕು? ಯಾವ ಊರಲ್ಲಿ ಬೇಕಾದರೂ ಕೇಳಿ, ಹಿರಿಯ ಅಳಿಯನ ತಟ್ಟೆಗೆ ಎನ್ನುತ್ತಾರೆ. ಕೋಣನಕುಂಟೆಯ ಸಪ್ಪಲಮ್ಮನ ಮನೆಯಲ್ಲಿ ಮಾತ್ರ, ಒಂದು ಯುಗಾದಿಯ ಮಾರನೇ ದಿನ, ಅದು ಹಿರಿಯ ಅಳಿಯ ದೇವರಾಜನನ್ನು ದಾಟಿ ಕಿರಿಯ ಅಳಿಯ ಹನುಮಯ್ಯನ ತಟ್ಟೆಗೆ ಹೋಗಿ ಕೂತಿತು. ಸೌಟು ದೇವರಾಜನ ಮೂಗಿನ ಮುಂದೆಯೇ ಹಾದುಹೋಯಿತು. ಅವನು ಅಂದು ಮುದ್ದೆ ನುಂಗಿದನೋ ಅವಮಾನ ನುಂಗಿದನೋ ದೇವರೇ ಬಲ್ಲ. ಅದಾದ ಮೇಲೆ ಎಷ್ಟೋ ಯುಗಾದಿಗಳು ಕಳೆದವು. ಅತ್ತ ಹೋದ ಮೂಳೆ ಇತ್ತ ಬರಲಿಲ್ಲ, ಇವನ ಹೊಟ್ಟೆಯುರಿಯೂ ಆರಲಿಲ್ಲ.

ದೇವರಾಜ ಸುದ್ದಗುಂಟೆಪಾಳ್ಯದವನು. ಏಳನೇ ಕ್ಲಾಸಿಗೇ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿ ತಗಡು ಕತ್ತರಿಸುವ ಕೆಲಸ ಕಲಿತ. ಆ ತಗಡೇ ಅವನನ್ನು ದುಬೈಗೆ ಕರೆದೊಯ್ದಿತು. ಮೋಡ ಮುಟ್ಟುವ ಕಟ್ಟಡಗಳ ಒಳಗೆ ಎಸಿ ಗಾಳಿ ಹರಿಯುವ ತಗಡಿನ ಕೊಳವೆ ಕೂರಿಸುತ್ತ ಹನ್ನೊಂದು ವರ್ಷ ಬೆವರಿದ. ಊರಿಗೆಲ್ಲ ತಂಪು, ಕೂರಿಸುವವನಿಗೆ ಮಾತ್ರ ಬೆಂಕಿ. ಆದರೂ ದುಬೈ ಎಂದರೆ ಅವನಿಗೆ ಪ್ರಾಣ. ಅದೇ ವರ್ಷಗಳಲ್ಲಿ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಹನುಮಯ್ಯ, ಪಕ್ಕದ ದೇಶವಾದ ಒಮಾನಿನ ನಿಜ್ವಾ ಎಂಬ ಊರಲ್ಲಿ ನೀರಿನ ಟ್ಯಾಂಕರ್ ಓಡಿಸಿದ. ಇಬ್ಬರೂ ಈಗ ವಾಪಸ್ಸು ಬಂದಿದ್ದಾರೆ. ದೇವರಾಜನದು ಎಸಿ ರಿಪೇರಿ ಅಂಗಡಿ, ಹನುಮಯ್ಯನದು ಕತ್ರಿಗುಪ್ಪೆಯಲ್ಲಿ ಒಂದು ಟೆಂಪೊ. ಆದರೆ ಎರಡು ದೇಶಗಳ ಜಗಳ ಮಾತ್ರ ಅತ್ತೆಮನೆಯ ಪಡಸಾಲೆಯಲ್ಲಿ ಇನ್ನೂ ಮುಗಿದಿಲ್ಲ.

ದೇವರಾಜ ರಜೆಗೆ ಬಂದಾಗ ಅತ್ತೆಗೆ ಬೆಲೆಬಾಳುವ ಸೆಂಟು ತಂದಿದ್ದ. ಅದು ಇಂದಿಗೂ ಶೋಕೇಸಿನಲ್ಲಿ ಸೀಲು ಒಡೆಯದೆ ಕೂತಿದೆ. ಹನುಮಯ್ಯ ಒಂದು ಪೊಟ್ಟಣ ಒಮಾನ್ ಸಾಂಬ್ರಾಣಿ ತಂದ, ಅಷ್ಟೆ. ಅತ್ತೆ ಸಪ್ಪಲಮ್ಮ ಅದನ್ನು ಕೆಂಡಕ್ಕೆ ಹಾಕಿ ದೇವರಿಗೆ ಹಿಡಿದಳು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು "ಏನು ಘಮಲು ಸಪ್ಪಲಮ್ಮ!" ಅಂದಿತು. ಕಾಫಿ ಸಾಕಾದಾಗ ಹನುಮಯ್ಯ ಅಲ್ಲಿಯವರ ಹಾಗೆ ಖಾಲಿ ಲೋಟವನ್ನು ಒಂಚೂರು ಅಲ್ಲಾಡಿಸುತ್ತಾನೆ. "ನೋಡು, ಎಂಥ ಮರ್ಯಾದಸ್ತ ದೇಶ, ಸಾಕು ಅನ್ನೋಕೂ ಮಾತು ಖರ್ಚು ಮಾಡಕ್ಕಿಲ್ಲ" ಎಂದು ಅತ್ತೆ ಮೆಚ್ಚಿಕೊಳ್ಳುತ್ತಾಳೆ. ಆ ಲೋಟ ಅಲ್ಲಾಡಿದಾಗಲೆಲ್ಲ ದೇವರಾಜನ ತಲೆಯೊಳಗೆ ಏನೋ ಅಲ್ಲಾಡುತ್ತದೆ.

ಈ ವರ್ಷ ಜಗಳಕ್ಕೆ ನಿಜವಾದ ಕಾರಣವೇ ಸಿಕ್ಕಿತು. ದೇವರಾಜನ ಮಗಳು ಪ್ರಕೃತಿ ಜಯನಗರದಲ್ಲಿ ನರ್ಸು. ಅವಳಿಗೆ ಎರಡು ಕಡೆಯಿಂದ ಕೆಲಸದ ಕರೆ ಬಂತು, ಒಂದು ದುಬೈ, ಇನ್ನೊಂದು ಒಮಾನ್. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. "ಹೊಸತೊಡಕಿನ ದಿನ ಅಜ್ಜಿ ಮನೇಲಿ ಹೇಳ್ತೀನಿ" ಎಂದಳು ಹುಡುಗಿ. ಇದರಲ್ಲಿ ಕೇಳುವುದೇನಿದೆ, ಅಪ್ಪ ಹನ್ನೊಂದು ವರ್ಷ ಬೆವರು ಸುರಿಸಿದ ಊರೇ ಗಟ್ಟಿ ಎಂದು ದೇವರಾಜ ನೆಮ್ಮದಿಯಾಗಿದ್ದ. ಹಬ್ಬದ ಹಿಂದಿನ ವಾರ ಹೆಂಡತಿ ಶಾಂತಲಾ ಬಾಯಿಬಿಟ್ಟಳು. ಮಗಳು ದಿನಾ ಚಿಕ್ಕಪ್ಪ ಹನುಮಯ್ಯನಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದಾಳೆ!

ಮೂಳೆ ಹೋದರೆ ಹೋಗಲಿ, ಮಗಳೂ ಹೋಗಬೇಕೇ? ಅವಳು ಒಮಾನಿಗೆ ಹೊರಟರೆ ತನ್ನ ಅಷ್ಟೂ ವರ್ಷದ ಬೆವರಿಗೆ ಸ್ವಂತ ಮಗಳೇ ಸೊನ್ನೆ ಮಾರ್ಕು ಕೊಟ್ಟಂತಲ್ಲವೇ? ಆ ವಾರವೆಲ್ಲ ಅವನು ಗಿರಾಕಿಗಳ ಮೇಲೆ ರೇಗಿದ.

ಹೊಸತೊಡಕಿನ ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತರು. ಮುದ್ದೆ ಬಂತು, ಸಾರು ಬಂತು. ನಲ್ಲಿಮೂಳೆ ಎಂದಿನಂತೆ ದಾಟಿಹೋಯಿತು.

"ದುಬೈಯಾಗೆ ಬಸ್ ಸ್ಟಾಪಿಗೂ ಎಸಿ ಹಾಕವ್ರೆ ಕಣೋ" ಎಂದು ದೇವರಾಜ ಶುರುಮಾಡಿದ. "ನಿನ್ನ ಒಮಾನಾಗೆ ಏನೈತೆ? ಬೆಟ್ಟ, ಮೇಕೆ."

"ಮೇಕೆ ಐತೆ ಅಣ್ಣ. ಈಗ ನಿಮ್ಮ ತಟ್ಟೇಲಿರೋದೂ ಅದೇ ಜಾತಿ ಅಲ್ವಾ?"

ಮನೆಯೆಲ್ಲ ನಕ್ಕಿತು. ದೇವರಾಜನ ಕಿವಿ ಕೆಂಪಾಯಿತು. "ಮೆಟ್ರೋ ಐತೇನೋ ನಿಮ್ಮೂರಾಗೆ? ಮೆಟ್ರೋ!"

"ಇವರ ಮುಂದೆ ದುಬೈನ ಮಾತ್ರ ಬೈಬೇಡ ಕಣಪ್ಪ" ಎಂದಳು ಶಾಂತಲಾ. "ಹೆಂಡ್ತೀನ ಬೈದ್ರೆ ಬೇಕಾದ್ರೆ ಸುಮ್ಕಿರ್ತಾರೆ."

ಆಗ ಪ್ರಕೃತಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ಅಪ್ಪ, ನಾನು ಒಮಾನ್‌ಗೆ ಹೂಂ ಅಂದ್ಬಿಟ್ಟೆ."

ದೇವರಾಜ ತಟ್ಟೆ ತಳ್ಳಿದ. ಸಾರು ಚೆಲ್ಲಿ ಚಾಪೆ ನೆನೆಯಿತು. "ಇವನು! ಇವನೇ ಕಿವಿ ಊದವ್ನೆ! ನನ್ನ ಮೂಳೆ ತಿಂದಿದ್ದು ಸಾಲ್ದು ಅಂತ ಮಗಳ ತಲೇನೂ ತಿಂದವ್ನೆ!"

"ತಟ್ಟೆ ತಳ್ಳಬ್ಯಾಡಿ, ಅನ್ನ ಕಣಪ್ಪ ಅದು" ಎಂದು ಸಪ್ಪಲಮ್ಮ ಓಡಿಬಂದಳು.

"ಅಣ್ಣ, ಅನ್ನದ ಮುಂದೆ ಕೂತು ಹೇಳ್ತಿದೀನಿ" ಎಂದ ಹನುಮಯ್ಯ. "ನಾನು ದುಬೈಗೇ ಹೋಗಮ್ಮ ಅಂದಿದ್ದು."

"ಹೌದಪ್ಪ" ಎಂದಳು ಪ್ರಕೃತಿ. "ನಿಮ್ಮಪ್ಪಂಗೆ ಅಲ್ಲಿ ಜನ ಗೊತ್ತು, ನಿಂಗೆ ಆಸರೆ ಇರ್ತದೆ ಅಂದ್ರು. ಕಂಪನಿ ಒಳ್ಳೇದಾದ್ರೆ ದೇಶ ಒಳ್ಳೇದು, ಅಷ್ಟೇ ಅಂದ್ರು. ಒಮಾನ್ ಅಂತ ಅಂದ್ಕೊಂಡಿದ್ದು ನಾನೇ."

"ಯಾಕೆ? ಏನು ಕಮ್ಮಿ ಆಗಿತ್ತು ದುಬೈಗೆ?"

"ದುಂಡಜ್ಜಿ ಹೋದಾಗ ನಿಮಗೆ ಬರಕ್ಕಾಗ್ಲಿಲ್ಲ, ಚಿಕ್ಕಪ್ಪಂಗೆ ಆಯ್ತು. ನಾಳೆ ನಿಮಗೇನಾದ್ರೂ ಆದ್ರೆ ನಾನು ಓಡಿ ಬರ್ಬೇಕಲ್ಲ ಅಪ್ಪ."

ದೇವರಾಜ ಎದ್ದು, ಕೈಯನ್ನೂ ತೊಳೆಯದೆ ಹೊರಗಿನ ಜಗಲಿಗೆ ಹೋಗಿ ಕೂತ.

ದುಂಡವ್ವ ದೇವರಾಜನ ತಾಯಿ, ಅವಳಿಗೆ ಅವನೊಬ್ಬನೇ ಮಗ. ಅವಳು ಹೋದ ಸುದ್ದಿ ದುಬೈಗೆ ಮುಟ್ಟಿದ್ದು ಶುಕ್ರವಾರ. ಆಫೀಸಿಗೆ ರಜೆ. ಪಾಸ್‌ಪೋರ್ಟು ಕಂಪನಿಯ ಬೀರುವಿನಲ್ಲಿ, ಬೀರುವಿನ ಕೀಲಿ ಯಾವನದೋ ಜೇಬಿನಲ್ಲಿ. ದೇವರಾಜ ಆಫೀಸಿನ ಬಾಗಿಲು ಗುದ್ದಿದ ಗುದ್ದಿಗೆ ಕೈ ಊದಿತೇ ಹೊರತು ಬಾಗಿಲು ತೆರೆಯಲಿಲ್ಲ. ಅವನು ಬಂದು ತಲುಪಿದ್ದು ಮಣ್ಣಾದ ಮೇಲಿನ ಹಾಲು-ತುಪ್ಪದ ದಿನ. ಅಷ್ಟರಲ್ಲಿ ನಿಜ್ವಾದಿಂದ ಓಡಿಬಂದಿದ್ದ ಹನುಮಯ್ಯ, ಮಗ ನಿಲ್ಲಬೇಕಾದ ಜಾಗದಲ್ಲಿ ನಿಂತು ಮುಂದಿನ ಹೆಗಲು ಕೊಟ್ಟು, ಮೂರು ಹಿಡಿ ಮಣ್ಣು ಹಾಕಿ ಮುಗಿಸಿದ್ದ. ನಲ್ಲಿಮೂಳೆ ದಾಟಿಹೋದದ್ದು ಅದಾದ ಮೇಲಿನ ಹೊಸತೊಡಕಿಗೆ. ಯಾಕೆಂದು ದೇವರಾಜನಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದದ್ದಕ್ಕೇ ಅಷ್ಟು ಉರಿ. ಮೂಳೆ ಮಾತ್ರ ಕಸಿದುಕೊಂಡಿದ್ದರೆ ಬೈದು ಮರೆಯಬಹುದಿತ್ತು. ತನ್ನ ತಾಯಿಯ ಕಡೆಯ ದಾರಿಯನ್ನೇ ಕೊಂಡುಹೋದವನನ್ನು ಏನೆಂದು ಬೈಯುವುದು?

ಹನುಮಯ್ಯ ತಟ್ಟೆ ಹಿಡಿದು ಹಿಂದೆಯೇ ಬಂದ. "ತಗೊಳ್ಳಿ ಅಣ್ಣ. ಡಾಕ್ಟ್ರು ನಂಗೆ ಕೊಬ್ಬು ಬಿಡು ಅಂದವ್ರೆ."

"ನಿನ್ನ ಎಂಜಲು ಮೂಳೆ ನಂಗ್ಯಾಕೋ?"

"ಮುಟ್ಟಿಲ್ಲ ಅಣ್ಣ."

ದೇವರಾಜ ಮೂಳೆಯನ್ನು ನೋಡಿದ, ತಗೊಳ್ಳಲಿಲ್ಲ. ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದ. "ಅವತ್ತು ನಿಂಗೆ ಹೆಂಗೋ ರಜ ಸಿಕ್ತು? ಷಡ್ಡಕನ ತಾಯಿ ಸತ್ತಳು ಅಂದ್ರೆ ಯಾವ ದೇಶದ ಸಾಹುಕಾರನೋ ರಜ ಕೊಡ್ತಾನೆ?"

"ಷಡ್ಡಕನ ತಾಯಿ ಅಂತ ಯಾರು ಹೇಳಿದ್ರು? ನಮ್ಮವ್ವ ಹೋದ್ಲು ಅಂದೆ. ಆಯಪ್ಪ ತಾನೇ ಕಾರಲ್ಲಿ ಮಸ್ಕತ್ ಏರ್‌ಪೋರ್ಟಿಗೆ ಬಿಟ್ಟ. ದಾರೀಲಿ ಅವನೂ ಅತ್ತ. ನಂಗೆ ಅಳಬೇಕೋ ನಾಚ್ಕೋಬೇಕೋ ಗೊತ್ತಾಗ್ಲಿಲ್ಲ."

"ನಿಮ್ಮವ್ವ ಆಗ ಕತ್ರಿಗುಪ್ಪೇಲಿ ಗುಂಡುಕಲ್ಲಂಗಿದ್ಳಲ್ಲೋ!"

"ಅದೇ ಬಂದಿದ್ದು ತಾಪತ್ರಯ. ಗೊತ್ತಾದ್ಮೇಲೆ ಒಂದು ತಿಂಗಳು ಮಾತೇ ಬಿಟ್ಬಿಟ್ಳು. ಬದುಕಿರೋಳನ್ನ ಸಾಯಿಸಿದ್ಯಲ್ಲೋ ಪಾಪಿ ಅಂತ."

ದೇವರಾಜನಿಗೆ ನಗು ಬಂತು. ನಗು ಬಂದದ್ದಕ್ಕೆ ಕೋಪವೂ ಬಂತು. ಮೂಳೆ ಕಿತ್ತುಕೊಂಡು ಜಗಲಿಯ ಕಲ್ಲಿಗೆ ಕುಟ್ಟಿ, ಒಳಗಿನದನ್ನೆಲ್ಲ ಸೊರ್ರೆಂದು ಹೀರಿದ. ತಾನು ಬರಲಾರದ ದಿನ ಬಂದದ್ದಲ್ಲದೆ, ಸ್ವಂತ ತಾಯಿಯನ್ನೇ ಸುಳ್ಳಿಗೆ ಒತ್ತೆ ಇಟ್ಟು ಬಂದಿದ್ದನಲ್ಲ ಈ ಬಡ್ಡಿಮಗ! ಇದರಲ್ಲೂ ಇವನೇ ಮೇಲು!

ಹೆಗಲು ಕೊಟ್ಟ ಋಣಕ್ಕೆ ಹೆಗಲೇ ಕೊಡಬೇಕು, ಬೇರೆ ದಾರಿಯಿಲ್ಲ. ಇದಕ್ಕೂ ಕೆಲವು ವರ್ಷ ಮೊದಲೇ, ಹನುಮಯ್ಯನ ಆ ಅವ್ವ ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡಾಗ ಸುದ್ದಗುಂಟೆಪಾಳ್ಯದಿಂದ ಮೊದಲು ಹೊರಟವನು ದೇವರಾಜ. ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡು, ಮುಂದಿನ ಹೆಗಲು ನನ್ನದೇ ಎಂದುಕೊಳ್ಳುತ್ತ, ಪೊಲೀಸರ ತಡೆಗಳನ್ನು ಬೇಡಿಕೊಂಡು ದಾಟುತ್ತ ಸ್ಕೂಟರ್ ಓಡಿಸಿದ್ದ. ಆದರೆ ಮೈಯೆಲ್ಲ ಮುಚ್ಚಿಕೊಂಡ ನಾಲ್ಕು ಜನ ಮುದುಕಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವ್ಯಾನಿಗೆ ಹಾಕಿದರು. ಯಾರನ್ನೂ ಹತ್ತಿರ ಬಿಡಲಿಲ್ಲ. ಷಡ್ಡಕರಿಬ್ಬರೂ ಹಗ್ಗದ ಈಚೆ ನಿಂತು ನೋಡಿದರು. ವ್ಯಾನು ತಿರುವಿನಲ್ಲಿ ಮರೆಯಾಯಿತು. ದೇವರಾಜ ಹೆಗಲಿನ ಟವೆಲ್ ತೆಗೆದು ಮಡಚಿ ಸ್ಕೂಟರಿನ ಸೀಟಿನಡಿಗೆ ಹಾಕಿದ. ಆ ಟವೆಲ್ ಇಂದಿಗೂ ಅಲ್ಲೇ ಇದೆ.