ಸೀತೆದಂಡೆಯ ಹೆಡ್‌ಲೈಟು

ಸೋದರಮಾವನ ಹಳೆಯ ಮೋಟಾರ್ ಸೈಕಲ್ಲನ್ನು ನಾನೇ ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿದ್ದೆ. ಹೆಡ್‌ಲೈಟು ಕೂರಿಸುವ ಬಟ್ಟಲಿನಂಥ ಚಿಪ್ಪು ಮಾತ್ರ ಇರಲಿಲ್ಲ. ಕೊಪ್ಪ, ನರಸಿಂಹರಾಜಪುರದ ಗುಜರಿ ಅಂಗಡಿಗಳಲ್ಲಿ ಸಿಕ್ಕಿದವೆಲ್ಲ ಬೇರೆ ಅಳತೆಯವು. ಒಂದು ದಿನ ಬೇಗಾರಿನ ನೆಂಟರ ಮನೆಗೆ ಹೋದವಳು ಪಕ್ಕದ ಮನೆಯ ಜಗಲಿ ನೋಡಿ ಕುಣಿದುಬಿಟ್ಟೆ. ಥೇಟ್ ಅದೇ ಚಿಪ್ಪು, ಒಳಗೆ ಕಾಡಿನ ಮರಗಳ ಮೇಲೆ ಬೆಳೆಯುವ ಸೀತೆದಂಡೆ ಹೂವಿನ ಗಿಡ ಹೊತ್ತು ತೂಗಾಡುತ್ತಿತ್ತು!

"ಇದನ್ನ ಕೊಡ್ತೀರಾ ಅಜ್ಜಿ?" ಎಂದು ಆ ಮನೆಯೊಡತಿಯನ್ನು ಕೇಳಿದೆ.

"ನಮ್ಮನೆಯವರ ಗಾಡೀದು ಅದು. ನಾಚಿಕೆ ಅಂತ ನನ್ನ ಒಂದಿನಾನೂ ಹಿಂದೆ ಕೂರಿಸ್ಕೊಳ್ಳಲಿಲ್ಲ. ನೀನು ಶೃಂಗೇರಿ ಪೇಟೆ ಸುತ್ತಿಸ್ತೀಯಾದ್ರೆ ತಗೊಂಡು ಹೋಗು ಮಾರಾಯ್ತಿ."

ಗಿಡವನ್ನು ಮರದ ತುಂಡಿಗೆ ಕಟ್ಟಿಕೊಟ್ಟು ಚಿಪ್ಪು ತಂದೆ. ಮುಂದಿನ ವಾರ ಗಾಡಿಯಲ್ಲೇ ಹೋದಾಗ ಅಜ್ಜಿ ರೇಷ್ಮೆಸೀರೆ ಉಟ್ಟು ಅಂಗಳದಲ್ಲಿ ಕಾದಿದ್ದರು. ಪೇಟೆಯಲ್ಲಿ ಪರಿಚಯದವರು ಕಂಡಾಗಲೆಲ್ಲ ಕೈಬೀಸಿ ಕೂಗಿದರು. ಒಂದು ಸುತ್ತು ಮುಗಿಸಿ ನಿಲ್ಲಿಸಹೋದರೆ ನನ್ನ ಬೆನ್ನಿಗೊಂದು ಗುದ್ದು ಬಿತ್ತು.

"ಎಂತಕ್ಕೆ ನಿಲ್ಲಿಸ್ತೀ? ಆ ಬೀದಿ ಬಾಕಿ ಇದ್ಯಲ್ಲ!"

ಇಬ್ಬರೂ ನಗುತ್ತ, ಕಿರುಚುತ್ತ ಪೆಟ್ರೋಲ್ ಮುಗಿಯುವವರೆಗೂ ಸುತ್ತಿದೆವು. ಗಾಡಿಯನ್ನು ಬಂಕಿನವರೆಗೆ ನಾನು ತಳ್ಳಿದೆ. ಅಜ್ಜಿ ಆಗಲೂ ಕೆಳಗಿಳಿಯಲಿಲ್ಲ.